ಊರಿನ ಮ್ಯೂಸಿಯಂನಲ್ಲಿ ವಸ್ತುಗಳಿವೆ, ಅವುಗಳ ಕಥೆ ಇಲ್ಲ. ಎಲ್ಲಿಂದ ಶುರು ಮಾಡಲಿ?

ಹಳೇಪೆಟ್ಟಿಗೆ:

ಎಲ್ಲರಿಗೂ ನಮಸ್ಕಾರ. ನಾನು ಒಂದು ಸಣ್ಣ ಸ್ಥಳೀಯ ಇತಿಹಾಸದ ಮ್ಯೂಸಿಯಂನಲ್ಲಿ ಸ್ವಯಂಸೇವಕ. ಎರಡು ಕೋಣೆ, ಮುಂದೆ ಒಂದು ವರಾಂಡ. ಸುಮಾರು 400 ವಸ್ತುಗಳಿವೆ. ಎಲ್ಲವೂ ಜನ ಪ್ರೀತಿಯಿಂದ ತಂದು ಕೊಟ್ಟವೇ. ಲಾಟೀನು, ತಕ್ಕಡಿ, ಕಬ್ಬಿಣದ ಪೆಟ್ಟಿಗೆ, ಗೋಡೆ ಗಡಿಯಾರ, ಫೋಟೋಗಳು, ಒಂದು ಹೊಲಿಗೆ ಮಷಿನ್.

ಕಳೆದ ವಾರ ಒಬ್ಬ ಹುಡುಗಿ ಬಂದಿದ್ದಳು, ಹತ್ತು ವರ್ಷ ಇರಬಹುದು. ಹೊಲಿಗೆ ಮಷಿನ್ ಮುಂದೆ ನಿಂತು "ಇದು ಯಾರದು?" ಅಂತ ಕೇಳಿದಳು. ನನಗೆ ಗೊತ್ತಿರಲಿಲ್ಲ. ಅವಳು ಹೋದ ಮೇಲೆ ರಿಜಿಸ್ಟರ್ ತೆಗೆದು ನೋಡಿದೆ. "ಹೊಲಿಗೆ ಯಂತ್ರ, 1, ದಾನ" ಅಂತ ಬರೆದಿತ್ತು. ಅಷ್ಟೇ. ಯಾರು ಕೊಟ್ಟರು, ಯಾವಾಗ ಕೊಟ್ಟರು, ಏನೂ ಇಲ್ಲ. ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಇಷ್ಟು ವರ್ಷ ನಾವು ಕಾಪಾಡಿದ್ದು ಏನನ್ನು? ಕಬ್ಬಿಣ, ಮರ, ಗಾಜು. ಅದನ್ನು ಮುಟ್ಟಿದ ಕೈಗಳ ಬಗ್ಗೆ ನಮ್ಮ ಹತ್ತಿರ ಒಂದು ಸಾಲೂ ಇಲ್ಲ.

ಬಂದವರು ಹತ್ತು ನಿಮಿಷ ನೋಡಿ ಹೋಗುತ್ತಾರೆ. ಎರಡನೇ ಸಲ ಯಾರೂ ಬರುವುದಿಲ್ಲ. ಇದನ್ನು ಸರಿ ಮಾಡಬೇಕು ಅಂತಿದ್ದೇನೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ದಾಖಲೆಪುಸ್ತಕ:

ನಿಮ್ಮ ಬೇಸರ ಅರ್ಥ ಆಗುತ್ತದೆ ಸರ್. ನಾನು ಹನ್ನೊಂದು ವರ್ಷದಿಂದ ಮ್ಯೂಸಿಯಂ ರಿಜಿಸ್ಟರ್ ಬರೆಯುವ ಕೆಲಸ ಮಾಡುತ್ತಿದ್ದೇನೆ. ನಾನು ಕಲಿತದ್ದು ಇಷ್ಟು: ವಸ್ತು ಕೈ ಬದಲಾಗುವ ಆ ಅರ್ಧ ಗಂಟೆ ಇದೆಯಲ್ಲ, ಅದೇ ಎಲ್ಲಕ್ಕಿಂತ ಮುಖ್ಯ. ಕೊಡಲು ಬಂದವರು ಆವಾಗ ಮಾತಾಡುವ ಮನಸ್ಸಿನಲ್ಲಿರುತ್ತಾರೆ. ಪೆಟ್ಟಿಗೆ ಮೇಲೆ ಕೈಯಿಟ್ಟುಕೊಂಡೇ ಹೇಳುತ್ತಾರೆ. "ಇಡ್ತೀವಿ, ಧನ್ಯವಾದ" ಅಂತ ಹೇಳಿ ಕಳಿಸಿಬಿಟ್ಟರೆ ಮುಗಿಯಿತು. ಮುಂದೆ ಆ ಮಾತು ಸಿಗುವುದಿಲ್ಲ.

ಹಾಗಾಗಿ ನಾವು ಯಾರೇ ಬರಲಿ, ಕೂರಿಸಿ ಕೇಳುತ್ತೇವೆ. ಇದನ್ನು ಯಾರು ಬಳಸುತ್ತಿದ್ದರು? ದಿನದ ಯಾವ ಹೊತ್ತಿನಲ್ಲಿ? ಮನೆಯಲ್ಲಿ ಎಲ್ಲಿ ಇಡುತ್ತಿದ್ದರು? ಬಳಸುವುದು ಯಾವಾಗ ನಿಂತಿತು, ಯಾಕೆ ನಿಂತಿತು? ಕೊನೆಯ ಪ್ರಶ್ನೆ: ಇಷ್ಟು ದಿನ ಇಟ್ಟುಕೊಂಡಿದ್ದು ಯಾಕೆ? ಆ ಕೊನೆಯ ಪ್ರಶ್ನೆಗೆ ಬರುವ ಉತ್ತರದಲ್ಲೇ ಜಾಸ್ತಿ ಸಲ ನಿಜವಾದ ಕಥೆ ಇರುತ್ತದೆ. ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ತಿದ್ದಬೇಡಿ.

ಅಮೃತಸರದ ಟೌನ್‌ಹಾಲ್‌ನಲ್ಲಿ 2017ರಲ್ಲಿ ತೆರೆದ ದೇಶವಿಭಜನೆಯ ಮ್ಯೂಸಿಯಂ ನೋಡಿದ್ದೀರಾ? ಅಲ್ಲಿ ಕಸೂತಿ ಹಾಕಿದ ಒಂದು ಫುಲ್ಕಾರಿ ಕೋಟು, ಒಂದು ಚರ್ಮದ ಬ್ರೀಫ್‌ಕೇಸ್ ಇವೆ. ಸುಮ್ನೆ ನೋಡಿದರೆ ಹಳೇ ಬಟ್ಟೆ, ಹಳೇ ಚೀಲ. ಆದರೆ ಅವೆರಡೂ ಮದುವೆ ನಿಶ್ಚಯವಾಗಿದ್ದ ಒಂದು ಹುಡುಗಿ, ಒಬ್ಬ ಹುಡುಗನದು. 1947ರ ಗಲಭೆಯಲ್ಲಿ ದೂರವಾದವರು ನಿರಾಶ್ರಿತರ ಶಿಬಿರದಲ್ಲಿ ಮತ್ತೆ ಎದುರಾದರು. ಅವಳು ತಂದಿದ್ದು ಕೋಟು, ಅವನು ತಂದಿದ್ದು ಬ್ರೀಫ್‌ಕೇಸ್. ಮನೆಯವರು ಅದನ್ನು ಹೇಳದೇ ಹೋಗಿದ್ದರೆ?

ದಾರಿಹೋಕ:

ಹೊಲಿಗೆ ಮಷಿನ್ ಸಿಂಗರ್ ಕಂಪನಿಯದಾದರೆ ಅದರ ಮೇಲೆ ಅಚ್ಚೊತ್ತಿದ ಸೀರಿಯಲ್ ನಂಬರ್ ನೋಡಿ. ಯಾವ ವರ್ಷದ್ದು ಅಂತ ಅದರಿಂದ ಪತ್ತೆ ಮಾಡಬಹುದು.

ಹಳೇಪೆಟ್ಟಿಗೆ:

ಒಳ್ಳೇ ಮಾತು, ನಾಳೆಯೇ ನೋಡುತ್ತೇನೆ. ದಾಖಲೆಪುಸ್ತಕ ಮೇಡಂ, ಹೊಸದಾಗಿ ಬರುವುದಕ್ಕೆ ನಿಮ್ಮ ದಾರಿ ಸರಿ. ಆದರೆ ಆಗಲೇ ಬಂದು ಕೂತಿರುವ 400 ವಸ್ತುಗಳನ್ನು ಏನು ಮಾಡಲಿ?

ಮೊಮ್ಮಗಳು:

ನಾನು ಕೊಟ್ಟವರ ಕಡೆಯಿಂದ ಮಾತಾಡುತ್ತೇನೆ. ನಮ್ಮ ತಾತ ನಲವತ್ತು ವರ್ಷ ದಿನಚರಿ ಬರೆದಿದ್ದರು. ಮಳೆ ಎಷ್ಟು ಬಂತು, ಯಾರ ಮನೆಯಲ್ಲಿ ಮಗು ಹುಟ್ಟಿತು, ಯಾರು ಊರು ಬಿಟ್ಟು ಹೋದರು, ಎಲ್ಲ ಇತ್ತು. ಅವರು ತೀರಿಕೊಂಡ ಮೇಲೆ ಅಪ್ಪ ಅದನ್ನು ಒಂದು ಮ್ಯೂಸಿಯಂಗೆ ಕೊಟ್ಟರು. ಹೆಸರು ಹೇಳುವುದಿಲ್ಲ. ಎಂಟು ವರ್ಷ ಆದ ಮೇಲೆ ನಾನು ನೋಡಲು ಹೋದೆ. ಯಾರಿಗೂ ಗೊತ್ತಿಲ್ಲ. ಯಾವ ಕಪಾಟಿನಲ್ಲಿದೆ ಅಂತ ಹೇಳುವವರಿಲ್ಲ. ರಶೀದಿ ಕೇಳಿದರು. ಅಪ್ಪ ರಶೀದಿ ತಗೊಂಡಿರಲಿಲ್ಲ, ಅವರೂ ಕೊಟ್ಟಿರಲಿಲ್ಲ. ಇವತ್ತಿಗೂ ಸಿಕ್ಕಿಲ್ಲ.

ಕೊಡುವವರು ಒಂದು ವಸ್ತು ಕೊಡುತ್ತಿದ್ದಾರೆ ಅಂತ ನೀವು ಅಂದುಕೊಳ್ಳುತ್ತೀರಿ. ನಾವು ಕೊಟ್ಟಿದ್ದು ತಾತನನ್ನು. ಇದನ್ನು ನೆನಪಿಟ್ಟುಕೊಳ್ಳಿ ಅಂತ ಕೇಳಿಕೊಳ್ಳುತ್ತೇನೆ.

ದಾಖಲೆಪುಸ್ತಕ:

ಮೊಮ್ಮಗಳು ಅವರೇ, ಓದಿ ಸಂಕಟವಾಯಿತು. ಹೀಗಾಗಬಾರದಿತ್ತು. ದಿನಚರಿಯ ಒಂದಾದರೂ ಪುಟದ ಫೋಟೋ ಮನೆಯಲ್ಲಿದ್ದರೆ ಅದನ್ನು ಅವರಿಗೆ ಕೊಟ್ಟು ಬನ್ನಿ. ಹೆಸರಿಲ್ಲದ ಕಟ್ಟುಗಳ ನಡುವೆ ಹುಡುಕುವಾಗ ಕೈಬರಹ ನೋಡಿ ಗುರುತಿಸಲು ಆಗುತ್ತದೆ. ಎರಡು ಸಲ ನಾನೇ ಹಾಗೆ ಕಳೆದುಹೋದ ಕಾಗದಗಳನ್ನು ಹುಡುಕಿದ್ದೇನೆ.

ಹಳೇಪೆಟ್ಟಿಗೆ ಸರ್, ಇದಕ್ಕೇ ಕೊಡುಗೆ ಪತ್ರ ಬೇಕು ಅನ್ನುವುದು. ಒಂದೇ ಹಾಳೆ ಸಾಕು. ಏನು ಕೊಟ್ಟರು, ಯಾರು ಕೊಟ್ಟರು, ದಾನವೋ ಎರವಲೋ, ಪ್ರದರ್ಶಿಸಲು ಮತ್ತು ನಕಲು ತೆಗೆಯಲು ಒಪ್ಪಿಗೆ ಇದೆಯೋ ಇಲ್ಲವೋ. ಇಬ್ಬರ ಸಹಿ, ಇಬ್ಬರಿಗೂ ಒಂದೊಂದು ಪ್ರತಿ. "ಸದ್ಯಕ್ಕೆ ಇಟ್ಟುಕೊಂಡಿರಿ" ಅಂತ ಬಾಯಿಮಾತಿನಲ್ಲಿ ಬಿಟ್ಟು ಹೋದದ್ದೇ ಮುಂದೆ ಜಗಳಕ್ಕೆ ಬರುತ್ತದೆ. ಎರವಲು ಆದರೆ ವಾಪಸ್ ಕೊಡುವ ತಾರೀಖು ಹಾಕಲೇಬೇಕು.

ನಂಬರ್ ಹಾಕುವ ಕ್ರಮ ಸುಲಭ. ಬಂದ ವರ್ಷ, ಆ ವರ್ಷದ ಎಷ್ಟನೇ ಕೊಡುಗೆ, ಆ ಕೊಡುಗೆಯಲ್ಲಿ ಎಷ್ಟನೇ ವಸ್ತು. 2024.7.3 ಅಂದರೆ 2024ರಲ್ಲಿ ಬಂದ ಏಳನೇ ಕೊಡುಗೆಯ ಮೂರನೇ ವಸ್ತು. ಯಾವಾಗ ಬಂತೆಂದು ಗೊತ್ತಿಲ್ಲದ ನಿಮ್ಮ ಹಳೇ ವಸ್ತುಗಳಿಗೆ ಈ ವರ್ಷದ ಎಣಿಕೆಯಲ್ಲೇ ಒಂದು ನಂಬರ್ ಕೊಡಿ. ಪಕ್ಕದಲ್ಲಿ "ಸಂಗ್ರಹದಲ್ಲಿ ಸಿಕ್ಕಿದ್ದು" ಅಂತ ಬರೆಯಿರಿ. ಊಹೆ ಮಾಡಿ ಹಳೇ ವರ್ಷ ಹಾಕಬೇಡಿ. ಬಟ್ಟೆಯಾದರೆ ನಂಬರ್ ಬರೆದ ಹತ್ತಿಯ ಪಟ್ಟಿಯನ್ನು ಎರಡು ಹೊಲಿಗೆ ಹಾಕಿ ಸೇರಿಸಿ. ಕಾಗದ, ಫೋಟೋ ಆದರೆ ಹಿಂಭಾಗದಲ್ಲಿ ಮೆತ್ತನೆಯ ಪೆನ್ಸಿಲ್‌ನಲ್ಲಿ ಹಗುರವಾಗಿ ಬರೆಯಿರಿ.

ಬಿಸಿಲುಮಚ್ಚು:

ರಿಜಿಸ್ಟರ್, ನಂಬರ್ ಎಲ್ಲ ಬೇಕು, ಒಪ್ಪುತ್ತೇನೆ. ಆದರೆ ನನಗೆ ಬೇರೆ ಪ್ರಶ್ನೆ ಇದೆ. ಆ 400ರಲ್ಲಿ ಯಾರ ವಸ್ತುಗಳಿವೆ? ಯಾರದು ಇಲ್ಲ?

ನಾನು ನೋಡಿದ ಬಹುತೇಕ ಸ್ಥಳೀಯ ಮ್ಯೂಸಿಯಂಗಳಲ್ಲಿ ದೊಡ್ಡ ಮನೆಯವರ ಭಾವಚಿತ್ರ, ದೊಡ್ಡ ಮನೆಯವರ ಕುರ್ಚಿ, ದೊಡ್ಡ ಮನೆಯವರ ಪಾತ್ರೆ. ಆ ಪಾತ್ರೆ ತಿಕ್ಕಿದವರು ಎಲ್ಲಿ? ಬಡವರ ಮನೆಯ ವಸ್ತು ಸವೆದು ಮುರಿಯುವವರೆಗೂ ಬಳಕೆಯಲ್ಲಿರುತ್ತದೆ. ಆಮೇಲೆ ಒಲೆಗೆ ಹೋಗುತ್ತದೆ, ಇಲ್ಲ ಗುಜರಿಗೆ. ಮ್ಯೂಸಿಯಂವರೆಗೂ ಬರುವುದೇ ಇಲ್ಲ. ಬಂದದ್ದನ್ನಷ್ಟೇ ಜೋಡಿಸಿಟ್ಟು ಇದೇ ನಮ್ಮ ಜನರ ಇತಿಹಾಸ ಅಂದರೆ ಅದು ಅರ್ಧ ಮಾತೂ ಅಲ್ಲ.

ಜೋಧಪುರದ ಹತ್ತಿರ ಅರ್ನಾ ಝರ್ನಾ ಅಂತ ಒಂದು ಮ್ಯೂಸಿಯಂ ಇದೆ. ಜಾನಪದ ವಿದ್ವಾಂಸ ಕೋಮಲ್ ಕೊಠಾರಿ ಅವರ ಕನಸು. ಅಲ್ಲಿ ಮುಖ್ಯವಾಗಿ ಇಟ್ಟಿರುವುದು ಏನು ಗೊತ್ತಾ? ಪೊರಕೆ. ರಾಜಸ್ಥಾನದ ಬೇರೆ ಬೇರೆ ಕಡೆಯ ಪೊರಕೆಗಳು. ಯಾವ ಹುಲ್ಲಿನದು, ಆ ಹುಲ್ಲು ಎಲ್ಲಿ ಬೆಳೆಯುತ್ತದೆ, ಕಟ್ಟುವವರು ಯಾರು, ಗುಡಿಸುವವರು ಯಾರು. ಒಂದು ಪೊರಕೆ ಹಿಡಿದು ಹೊರಟರೆ ಮಣ್ಣು, ಮಳೆ, ಜಾತಿ, ಹೆಂಗಸರ ದುಡಿಮೆ ಎಲ್ಲ ಬರುತ್ತದೆ. ಕತ್ತಿ ಗುರಾಣಿ ಇಟ್ಟರೆ ಇಷ್ಟು ಬರುತ್ತದೆಯೇ?

ವಾಷಿಂಗ್ಟನ್‌ನಲ್ಲಿ ಅನಕೋಸ್ಟಿಯ ಅನ್ನುವ ಕಡೆ 1967ರಲ್ಲಿ ಮುಚ್ಚಿಹೋಗಿದ್ದ ಒಂದು ಸಿನಿಮಾ ಮಂದಿರದಲ್ಲಿ ಬಡಾವಣೆಯ ಜನರಿಗೇ ಅಂತ ಒಂದು ಮ್ಯೂಸಿಯಂ ಶುರುವಾಯಿತು. 1969ರಲ್ಲಿ ಅವರು ಇಲಿಗಳ ಬಗ್ಗೆ ಒಂದು ಪ್ರದರ್ಶನ ಮಾಡಿದರು. ಯಾಕೆಂದರೆ ಅಲ್ಲಿನ ಮಕ್ಕಳಿಗೆ ಮನೆಯಲ್ಲಿ ದಿನಾ ಇದ್ದ ತೊಂದರೆ ಅದೇ. ಜನರ ಬದುಕು ಅಂದರೆ ಇದೂ ಹೌದಲ್ವಾ?

ಮೇಷ್ಟ್ರು:

ನಾನು ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ಬಿಸಿಲುಮಚ್ಚು ಹೇಳಿದ್ದು ಸರಿ. ಆದರೂ ಒಂದು ಎಚ್ಚರಿಕೆಯ ಮಾತು ಹೇಳಬೇಕು.

ನೆನಪನ್ನು ಗೌರವಿಸೋಣ, ಆದರೆ ನೆನಪು ತಪ್ಪುತ್ತದೆ. ಇಸವಿ ಅದಲುಬದಲಾಗುತ್ತದೆ. ಅಪ್ಪ ಮಾಡಿದ್ದು ತಾತ ಮಾಡಿದ್ದಾಗುತ್ತದೆ. ಯಾರೋ ಹೇಳಿದ್ದನ್ನು ಹತ್ತು ಸಲ ಕೇಳಿ, ಕೊನೆಗೆ ತಾನೇ ಕಣ್ಣಾರೆ ಕಂಡೆ ಅನ್ನುತ್ತಾರೆ. ಸುಳ್ಳು ಹೇಳುವ ಉದ್ದೇಶ ಅವರಿಗಿರುವುದಿಲ್ಲ. ಹಾಗಾಗಿ ಹೇಳಿದ್ದನ್ನು ಹಾಗೇ ಬರೆದುಕೊಂಡ ಮೇಲೆ, ಪಕ್ಕದಲ್ಲಿ ಬೇರೆ ಆಧಾರವೂ ಹುಡುಕಬೇಕು. ಶಾಲೆಯ ದಾಖಲಾತಿ ಪುಸ್ತಕ, ಜಮೀನಿನ ಪತ್ರ, ಹಳೇ ಪತ್ರಿಕೆ, ಜನಗಣತಿ, ಕಲ್ಲಿನ ಮೇಲಿನ ಬರಹ, ಅಂಚೆ ಮುದ್ರೆ. ಅಂಚೆ ಮುದ್ರೆಯನ್ನು ತುಂಬ ಜನ ಮರೆಯುತ್ತಾರೆ. ಪತ್ರದಲ್ಲಿ ತಾರೀಖು ಇಲ್ಲದಿದ್ದರೂ ಲಕೋಟೆಯ ಮೇಲೆ ಇರುತ್ತದೆ. ದಯವಿಟ್ಟು ಲಕೋಟೆ ಬಿಸಾಡಬೇಡಿ.

ನ್ಯೂಯಾರ್ಕಿನ ಆರ್ಚರ್ಡ್ ಬೀದಿಯ 97ನೇ ನಂಬರಿನ ಮನೆ ಇದಕ್ಕೆ ಒಳ್ಳೇ ಉದಾಹರಣೆ. 1863ರಲ್ಲಿ ಕಟ್ಟಿದ ಬಾಡಿಗೆ ಮಹಡಿ. ವಲಸೆ ಬಂದ ಬಡವರು ಇದ್ದ ಜಾಗ. 1935ರಲ್ಲಿ ಮಾಲೀಕ ಬಾಡಿಗೆದಾರರನ್ನು ಬಿಡಿಸಿ ಮೇಲಿನ ಮಹಡಿಗಳನ್ನು ಮುಚ್ಚಿಬಿಟ್ಟ. 1988ರಲ್ಲಿ ಮ್ಯೂಸಿಯಂಗೆ ಜಾಗ ಹುಡುಕುತ್ತಿದ್ದ ಇಬ್ಬರು ಹೆಂಗಸರಿಗೆ ಅದು ಹಾಗೇ ಸಿಕ್ಕಿತು. ಆ 72 ವರ್ಷದಲ್ಲಿ ಸುಮಾರು 7,000 ಜನ ಅಲ್ಲಿ ಬದುಕಿದ್ದರು ಎಂಬ ಅಂದಾಜಿದೆ. ಯಾರೂ ಹೆಸರಾದವರಲ್ಲ. ಜನಗಣತಿಯ ಕಾಗದ, ಕೋರ್ಟಿನ ದಾಖಲೆ, ಗೋಡೆಗೆ ಒಂದರ ಮೇಲೊಂದು ಅಂಟಿಸಿದ ಕಾಗದದ ಪದರಗಳು, ಅಲ್ಲಿದ್ದವರ ಮಕ್ಕಳ ಮಾತು, ಇವನ್ನೆಲ್ಲ ಸೇರಿಸಿ ಒಂದೊಂದು ಕುಟುಂಬದ ಕೋಣೆಯನ್ನು ಮತ್ತೆ ಕಟ್ಟಿದ್ದಾರೆ. ಬಡವರ ವಸ್ತು ಉಳಿದಿಲ್ಲ ಅಂತ ಕೈಚೆಲ್ಲಬೇಕಿಲ್ಲ. ಅವರ ಗುರುತು ಕಾಗದಗಳಲ್ಲಿ ಉಳಿದಿರುತ್ತದೆ, ಹುಡುಕಬೇಕು.

ದಾರಿಹೋಕ:

ಮೇಷ್ಟ್ರೇ, ಒಂದೇ ಘಟನೆಯನ್ನು ಎರಡು ಮನೆಯವರು ಎರಡು ಥರ ಹೇಳಿದರೆ?

ಮೇಷ್ಟ್ರು:

ಎರಡನ್ನೂ ಹಾಕಿ. ಅಕ್ಕಪಕ್ಕ ಹಾಕಿ. ಯಾರು ಹೇಳಿದ್ದು ಅಂತ ಬರೆಯಿರಿ. ಕಾಗದದ ಆಧಾರ ಸಿಕ್ಕರೆ ಅದನ್ನು ಮೂರನೆಯದಾಗಿ ಇಡಿ. ತೀರ್ಪು ಕೊಡಲು ಅವಸರ ಬೇಡ. ನನ್ನ ತರಗತಿಯಲ್ಲಿ ಮಕ್ಕಳು ಇತಿಹಾಸ ಅಂದರೇನು ಅಂತ ನಿಜವಾಗಿ ಅರ್ಥ ಮಾಡಿಕೊಂಡದ್ದು ಇಂಥ ಎರಡು ಮಾತು ಎದುರಾದಾಗಲೇ.

ಮೊಮ್ಮಗಳು:

ನೋವಿನ ವಿಷಯ ಆದರೆ? ಕೆಲವರಿಗೆ ಅದನ್ನು ಗೋಡೆಗೆ ಹಾಕುವುದೇ ಬೇಡ ಅನಿಸಬಹುದು. ಹಳೇ ಗಾಯ ಯಾಕೆ ಕೆದಕುತ್ತೀರಿ ಅಂತ ಕೇಳುತ್ತಾರೆ.

ಬಿಸಿಲುಮಚ್ಚು:

ಕೇಳುವ ಹಕ್ಕು ಅವರಿಗಿದೆ. ಅದಕ್ಕೇ ಮೊದಲು ನೋವು ಉಂಡವರನ್ನು ಕೇಳಬೇಕು, ನೋಡುವವರನ್ನಲ್ಲ.

ದಕ್ಷಿಣ ಆಫ್ರಿಕಾದ ಕೇಪ್‌ಟೌನಿನ ಡಿಸ್ಟ್ರಿಕ್ಟ್ ಸಿಕ್ಸ್ ವಿಷಯ ಹೇಳುತ್ತೇನೆ. ಎಲ್ಲ ಬಣ್ಣದ, ಎಲ್ಲ ಧರ್ಮದ ಜನ ಒಟ್ಟಿಗೆ ಇದ್ದ ಬಡಾವಣೆ. 1966ರಲ್ಲಿ ಅಲ್ಲಿನ ವರ್ಣಭೇದದ ಸರ್ಕಾರ ಅದನ್ನು ಬಿಳಿಯರಿಗೆ ಮಾತ್ರ ಅಂತ ಘೋಷಿಸಿತು. ಮುಂದಿನ ವರ್ಷಗಳಲ್ಲಿ 60,000ಕ್ಕೂ ಹೆಚ್ಚು ಜನರನ್ನು ಎಬ್ಬಿಸಿ ದೂರಕ್ಕೆ ಸಾಗಿಸಿದರು. ಮನೆಗಳನ್ನು ಬುಲ್ಡೋಜರ್ ಹಚ್ಚಿ ಕೆಡವಿದರು. 1994ರಲ್ಲಿ ಅಲ್ಲಿ ಉಳಿದಿದ್ದ ಒಂದು ಹಳೇ ಚರ್ಚಿನಲ್ಲಿ ಮ್ಯೂಸಿಯಂ ತೆರೆಯಿತು. ನೆಲದ ತುಂಬ ಆ ಬಡಾವಣೆಯ ದೊಡ್ಡ ನಕ್ಷೆ. ಅಲ್ಲಿದ್ದವರು ಬಂದು ನೆಲದ ಮೇಲೆ ಕೂತು, ತಮ್ಮ ಮನೆ ಇದ್ದ ಜಾಗದಲ್ಲಿ ತಮ್ಮ ಹೆಸರು ಬರೆದರು. ಒಂದು ಉದ್ದನೆಯ ಬಿಳಿ ಬಟ್ಟೆ ಇಟ್ಟಿದ್ದರು. ಬಂದವರು ಅದರ ಮೇಲೆ ನೆನಪು ಬರೆಯುತ್ತಿದ್ದರು, ಆಮೇಲೆ ಆ ಬರಹದ ಮೇಲೆ ದಾರದಲ್ಲಿ ಕಸೂತಿ ಹಾಕುತ್ತಿದ್ದರು. ಮೇಲಿಂದ ಹಳೇ ಬೀದಿಗಳ ನಾಮಫಲಕಗಳು ಇಳಿಬಿದ್ದಿವೆ. ಅವನ್ನು ಉಳಿಸಿಟ್ಟಿದ್ದು ಯಾರು? ಕೆಡವುವ ಕೆಲಸದ ಮೇಲ್ವಿಚಾರಣೆಗೆ ಇದ್ದ ಮನುಷ್ಯನೇ. ವರ್ಷಗಟ್ಟಲೆ ಬಚ್ಚಿಟ್ಟುಕೊಂಡಿದ್ದ.

ಆ ನಕ್ಷೆಗೆ ಎಷ್ಟು ಖರ್ಚಾಗಿರಬಹುದು? ಜಾಸ್ತಿ ಏನಿಲ್ಲ. ಪ್ರತಿ ಸಲ ಅದನ್ನು ನೆನೆದಾಗ ನನಗೆ ಕಣ್ಣು ತುಂಬುತ್ತದೆ. ತಜ್ಞರು ಬರೆದದ್ದನ್ನು ಜನ ಬಂದು ಓದಿದ್ದಲ್ಲ ಅದು. ಜನ ಬಂದು ಬರೆದದ್ದು.

ದಾಖಲೆಪುಸ್ತಕ:

ಈ ಮಾತು ಈಗ ಮ್ಯೂಸಿಯಂ ಅನ್ನುವುದರ ಅರ್ಥದೊಳಗೇ ಬಂದಿದೆ. 2022ರ ಆಗಸ್ಟಿನಲ್ಲಿ ಪ್ರಾಗ್ ನಗರದಲ್ಲಿ ಮ್ಯೂಸಿಯಂಗಳ ಅಂತಾರಾಷ್ಟ್ರೀಯ ಮಂಡಳಿ ಹೊಸ ವ್ಯಾಖ್ಯೆಯನ್ನು ಒಪ್ಪಿಕೊಂಡಿತು. ಸಮುದಾಯಗಳನ್ನು ಜೊತೆಗೂಡಿಸಿಕೊಂಡು ಮ್ಯೂಸಿಯಂ ನಡೆಸಬೇಕು ಅನ್ನುವ ಮಾತು ಅದರಲ್ಲಿದೆ.

ಕಾಗದವೈದ್ಯ:

ತಡವಾಗಿ ಬಂದೆ. ನನ್ನ ಕೆಲಸ ಹಳೇ ಕಾಗದ, ಬಟ್ಟೆ ರಿಪೇರಿ. ಎಲ್ಲರೂ ಕಥೆಯ ಬಗ್ಗೆ ಹೇಳಿದಿರಿ, ನಾನು ವಸ್ತುವಿನ ಪರವಾಗಿ ಮಾತಾಡುತ್ತೇನೆ. ವಸ್ತು ಪುಡಿಯಾದರೆ ಮುಂದೆ ಯಾರೂ ಅದರಿಂದ ಏನೂ ಕೇಳಲಾರರು.

ಬೆಳಕು ಮಾಡುವ ಹಾನಿ ವಾಪಸ್ ಬರುವುದಿಲ್ಲ, ಕೂಡುತ್ತಲೇ ಹೋಗುತ್ತದೆ. ಬಟ್ಟೆ, ಕಾಗದ, ಬಣ್ಣದ ಫೋಟೋ ಇರುವ ಕಡೆ ಬೆಳಕು 50 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ಒಳಗಿರಲಿ. ಕಿಟಕಿ ಪಕ್ಕದ ಬಿಸಿಲಿನಲ್ಲಿ ಇದರ ಎಷ್ಟೋ ಪಟ್ಟು ಇರುತ್ತದೆ. ವರಾಂಡದಲ್ಲಿ ಫೋಟೋ ಇದ್ದರೆ ಇವತ್ತೇ ಒಳಗಿಡಿ. ಗೋಡೆಗೆ ಪ್ರತಿ ಹಾಕಿ, ಮೂಲ ಕತ್ತಲೆಯಲ್ಲಿರಲಿ.

ಸೆಲ್ಲೋಟೇಪ್ ಬೇಡ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಒಳ್ಳೇ ಮನಸ್ಸಿನಿಂದ ಲ್ಯಾಮಿನೇಶನ್ ಮಾಡಿಸಿ ತಂದ ಎಷ್ಟು ಹಳೇ ಪತ್ರಗಳನ್ನು ನೋಡಿದ್ದೇನೆ! ಬಿಡಿಸಲು ಆಗದೆ ವಾಪಸ್ ಕಳಿಸುವಾಗ ಹೊಟ್ಟೆ ಉರಿಯುತ್ತದೆ. ನುಸಿಗುಳಿಗೆಯನ್ನೂ ಹಾಕಬೇಡಿ, ಅದರ ಆವಿ ನಿಮಗೂ ಒಳ್ಳೆಯದಲ್ಲ. ಬಟ್ಟೆಗೆ ಹುಳ ಹತ್ತಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಮೈನಸ್ 20 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಇಲ್ಲದಿದ್ದರೆ ತೇವ ಕೂರುತ್ತದೆ.

ಇನ್ನೊಂದು. ಸವೆತವನ್ನು ಕೊಳೆ ಅಂದುಕೊಂಡು ಉಜ್ಜಿ ತೊಳೆಯಬೇಡಿ. ಹಿಡಿಕೆಯ ಮೇಲಿನ ಕಪ್ಪು, ಮೂಲೆಯ ಗೀರು, ಹಾಕಿದ ತೇಪೆ, ಇವು ಆ ವಸ್ತುವಿನ ಬರಹ. ಮೊದಲು ಓದಿ.

ಹಳೇಪೆಟ್ಟಿಗೆ:

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ತುಂಬ ಹೇಳುವುದಿದೆ.

ಮೊದಲು ವರಾಂಡದ ಫೋಟೋಗಳನ್ನು ಒಳಗೆ ತಂದೆವು. ಆಮೇಲೆ ಗುರುತು ಗೊತ್ತಿಲ್ಲದ 30 ವಸ್ತುಗಳನ್ನು ಒಂದು ಉದ್ದ ಮೇಜಿನ ಮೇಲೆ, ಅಕ್ಕಪಕ್ಕದ ನೆಲದ ಮೇಲೆ ಇಟ್ಟೆವು. ಪಕ್ಕದಲ್ಲಿ ಚೀಟಿ, ಪೆನ್ಸಿಲ್. "ಇದು ನಿಮಗೆ ಗೊತ್ತಾ? ಬರೆಯಿರಿ, ಅಥವಾ ನಮಗೆ ಹೇಳಿ" ಅಂತ ಬೋರ್ಡ್ ಹಾಕಿದೆವು. ಮೇಷ್ಟ್ರು ಹೇಳಿದಂತೆ ಚೀಟಿಯ ಮೇಲೆ ಬರೆದವರ ಹೆಸರು, ತಾರೀಖು ಇರಬೇಕು ಅಂತ ನಿಯಮ ಮಾಡಿದೆವು.

ಎರಡನೇ ದಿನ ವಯಸ್ಸಾದ ಒಬ್ಬ ದರ್ಜಿ ಬಂದರು. ಹೊಲಿಗೆ ಮಷಿನ್ ಮುಂದೆ ಕುಕ್ಕರಗಾಲಲ್ಲಿ ಕೂತು ಕೆಳಗೆ ನೋಡಿದರು. ನಾವು ಯಾವತ್ತೂ ಕೆಳಗೆ ನೋಡಿರಲಿಲ್ಲ. "ಇದನ್ನು ಓಡಿಸಿದವರು ಒಂದೇ ಕಾಲಲ್ಲಿ ತುಳಿದಿದ್ದಾರೆ" ಅಂದರು. ಪೆಡಲಿನ ಎಡಗಡೆ ಕಬ್ಬಿಣ ನುಣ್ಣಗೆ ಹೊಳೆಯುತ್ತಿದೆ. ಬಲಗಡೆ ಅಚ್ಚಿನ ಅಕ್ಷರಗಳು ಹೊಸದರ ಹಾಗೆ ಉಬ್ಬಿಕೊಂಡೇ ಇವೆ, ಬಣ್ಣವೂ ಹೋಗಿಲ್ಲ. ನಾನು ನಾಲ್ಕು ವರ್ಷದಿಂದ ಆ ಮಷಿನ್ ಮೇಲಿನ ಧೂಳು ಒರೆಸುತ್ತಿದ್ದೇನೆ. ಒಮ್ಮೆಯೂ ಕಂಡಿರಲಿಲ್ಲ.

ಆ ಮಾತು ಕೇಳಿ ನಮ್ಮ ಹಿರಿಯ ಸದಸ್ಯರೊಬ್ಬರಿಗೆ ತಟ್ಟನೆ ನೆನಪಾಯಿತು, ಅದು ಯಾವ ಮನೆಯಿಂದ ಬಂದಿತ್ತು ಅಂತ. ಆ ಮನೆಯ ಮಗಳ ಫೋನ್ ನಂಬರ್ ಸಿಕ್ಕಿತು. ಅವರು ಹೇಳಿದ್ದನ್ನು ಅವರ ಒಪ್ಪಿಗೆ ತಗೊಂಡು ಇಲ್ಲಿ ಹಾಕುತ್ತಿದ್ದೇನೆ. ಹೊಸ ಚೀಟಿಯ ಮೇಲೂ ಇದೇ ಇರುತ್ತದೆ, ಒಂದು ಅಕ್ಷರವನ್ನೂ ತಿದ್ದಿಲ್ಲ:

"ಅಮ್ಮನಿಗೆ ಚಿಕ್ಕಂದಿನಲ್ಲೇ ಪೋಲಿಯೋ ಆಗಿ ಬಲಗಾಲಿನಲ್ಲಿ ಶಕ್ತಿ ಇರಲಿಲ್ಲ. ಎಡಗಾಲಲ್ಲೇ ತುಳೀತಿದ್ರು. ಶಾಲೆ ಶುರುವಾಗೋ ಮುಂಚೆ ರಾತ್ರಿಯೆಲ್ಲಾ ಯೂನಿಫಾರಂ ಹೊಲಿಯೋರು. ನಾವು ಮಷಿನ್ ಪಕ್ಕದಲ್ಲೇ ಮಲಗ್ತಿದ್ವಿ. ಸದ್ದಿಗೆ ಎಚ್ಚರ ಆಗ್ತಿರಲಿಲ್ಲ, ಸದ್ದು ನಿಂತರೆ ಎಚ್ಚರ ಆಗ್ತಿತ್ತು."

ಮೊಮ್ಮಗಳು:

ಓದಿ ಸುಮ್ಮನೆ ಕೂತುಬಿಟ್ಟೆ. ಆ ಹುಡುಗಿ ಮತ್ತೆ ಬಂದರೆ ದಯವಿಟ್ಟು ಅವಳಿಗೆ ಹೇಳಿ, ಇದು ಯಾರದು ಅಂತ.

ಬಿಸಿಲುಮಚ್ಚು:

ಆ ಚೀಟಿಯನ್ನು ಪೆಡಲಿನ ಪಕ್ಕದಲ್ಲೇ ಕೆಳಗೆ ಹಾಕಿ. ನೋಡುವವರೂ ಬಗ್ಗಿ ನೋಡಲಿ. ಮೇಲೆ ಹಾಕಿದರೆ ಎಲ್ಲರೂ ಮಷಿನ್ ತಲೆಯನ್ನೇ ನೋಡಿ ಹೋಗುತ್ತಾರೆ. ಬಗ್ಗಲು ಆಗದವರಿಗೆ ಒಂದು ಸಣ್ಣ ಕನ್ನಡಿ ಓರೆಯಾಗಿ ಇಡಬಹುದು.

ಹಳೇಪೆಟ್ಟಿಗೆ:

ಕನ್ನಡಿ ಇಡುತ್ತೇವೆ! ಒಂದು ಪ್ರಶ್ನೆ ಕಾಗದವೈದ್ಯರಿಗೆ. ಆ ಮಗಳು ಒಂದು ಮಾತು ಕೇಳಿದರು: "ಆ ಸದ್ದು ಇನ್ನೊಂದು ಸಲ ಕೇಳಬಹುದಾ?" ಮಷಿನ್‌ಗೆ ಎಣ್ಣೆ ಬಿಟ್ಟು, ಹೊಸ ಬೆಲ್ಟ್ ಹಾಕಿ ಓಡಿಸಿ ರೆಕಾರ್ಡ್ ಮಾಡಬಹುದಾ?

ಕಾಗದವೈದ್ಯ:

ಬೇಡ. ಒಳಗಿನ ಹಳೇ ಎಣ್ಣೆ ಗಟ್ಟಿಯಾಗಿರುತ್ತದೆ, ಓಡಿಸಿದರೆ ಭಾಗಗಳು ತೇಯುತ್ತವೆ. ಆ ಪೆಡಲ್ ಈಗ ಒಬ್ಬರ ಕಾಲಿನ ಗುರುತು ಹೊತ್ತಿದೆ, ಅದರ ಮೇಲೆ ಇನ್ನೊಬ್ಬರ ಕಾಲು ಬೀಳುವುದು ಬೇಡ. ಅದೇ ಮಾದರಿಯ ಓಡುವ ಮಷಿನ್ ಎಲ್ಲಾದರೂ ಸಿಗುತ್ತದಾ ನೋಡಿ.

ಮೇಷ್ಟ್ರು:

ರೆಕಾರ್ಡ್ ಮಾಡುವ ವಿಚಾರ ಒಳ್ಳೆಯದು. ರಾಮನಗರದ ಜಾನಪದ ಲೋಕ ಕಟ್ಟಿದ ಎಚ್.ಎಲ್. ನಾಗೇಗೌಡರು ವಸ್ತುಗಳನ್ನು ಮಾತ್ರ ಕೂಡಿಹಾಕಲಿಲ್ಲ, ಹಾಡು ಕಥೆಗಳನ್ನೂ ಟೇಪಿನಲ್ಲಿ ಹಿಡಿದಿಟ್ಟರು. ಮಗಳ ಮಾತನ್ನೂ ಅವರ ದನಿಯಲ್ಲೇ ರೆಕಾರ್ಡ್ ಮಾಡಿ. ಫ್ಯಾನ್ ಆಫ್ ಮಾಡಿ, ಪ್ರಶ್ನೆ ಕೇಳಿ ಸುಮ್ಮನಿರಿ. ಅವರು ನಿಲ್ಲಿಸಿದಾಗ ನೀವು ಮಧ್ಯೆ ಬಾಯಿ ಹಾಕಬೇಡಿ. ಸ್ವಲ್ಪ ಹೊತ್ತು ಬಿಟ್ಟರೆ ಅವರೇ ಮುಂದುವರಿಸುತ್ತಾರೆ.

ದಾಖಲೆಪುಸ್ತಕ:

ಫೈಲ್ ವೇವ್ (WAV) ರೂಪದಲ್ಲಿ, ಅಂದರೆ ದನಿಯನ್ನು ಕುಗ್ಗಿಸದೆ, ಉಳಿಸಿ, ಎಂಪಿ3 ಮಾತ್ರ ಇಟ್ಟುಕೊಂಡರೆ ಸಾಲದು. ಮೂರು ಪ್ರತಿ ಇರಲಿ, ಒಂದು ಬೇರೆ ಕಟ್ಟಡದಲ್ಲಿ. ಫೈಲಿನ ಹೆಸರಿನಲ್ಲಿ ಮಷಿನ್‌ನ ನಂಬರ್ ಇರಲಿ, ಇಲ್ಲದಿದ್ದರೆ ಹತ್ತು ವರ್ಷ ಆದ ಮೇಲೆ ದನಿ ಒಂದು ಕಡೆ, ಮಷಿನ್ ಒಂದು ಕಡೆ ಆಗುತ್ತದೆ.

ಹಳೇಪೆಟ್ಟಿಗೆ:

ಸಿಕ್ಕಿತು! ಆ ದರ್ಜಿಯವರ ಹತ್ತಿರವೇ ಅದೇ ಮಾದರಿಯ ಮಷಿನ್ ಇದೆ, ಇನ್ನೂ ದಿನಾ ಓಡುತ್ತದೆ. ಭಾನುವಾರ ಬೆಳಿಗ್ಗೆ ರೆಕಾರ್ಡಿಂಗ್. ಮಗಳೂ ಬರುತ್ತಿದ್ದಾರೆ. ಎರಡು ಕಾಲಲ್ಲಿ ತುಳಿದರೆ ಸದ್ದಿನ ಲಯ ಬೇರೆ ಬರುತ್ತದಂತೆ. ಹಾಗಾಗಿ ದರ್ಜಿಯವರು ನಿನ್ನೆಯಿಂದ ಎಡಗಾಲೊಂದರಲ್ಲೇ ತುಳಿದು ಅಭ್ಯಾಸ ಮಾಡುತ್ತಿದ್ದಾರೆ.

ಮೇಜಿನ ಮೇಲೆ ಇನ್ನೂ 29 ವಸ್ತುಗಳಿವೆ. ಲಾಟೀನಿನ ಚೀಟಿಯ ಮೇಲೆ ಇವತ್ತು ಯಾರೋ ಒಂದೇ ಸಾಲು ಬರೆದು ಹೋಗಿದ್ದಾರೆ: "ರೈಲ್ವೆ ಗೇಟಿನದು, ನನಗೆ ಗೊತ್ತು." ಹೆಸರು ಬರೆದಿಲ್ಲ. ಯಾರಿರಬಹುದು ಅಂತ ನಾಳೆ ಬೆಳಿಗ್ಗೆಯಿಂದ ಕೇಳುತ್ತಾ ಹೊರಡುತ್ತೇನೆ.

ದಾಖಲೆಪುಸ್ತಕ:

ಹೋಗುವಾಗ ಕೊಡುಗೆ ಪತ್ರದ ಖಾಲಿ ಹಾಳೆಗಳನ್ನು ಜೇಬಿನಲ್ಲಿ ಇಟ್ಟುಕೊಂಡಿರಿ ಸರ್. ಪೆನ್ಸಿಲ್ ಕೂಡ.